ವೈರಿಲ್ಲದ ವಿಮಾನ

ಎಲ್ಲಕ್ಕೂ ಮೂಲ ಒಂದು ಕುರ್ಚಿಯ ಚಕ್ರ. ಕಳೆದ ಸಲ ನಮ್ಮ ಗುಮಾಸ್ತ ಪರೀಕ್ಷೆಗೆ ಕೂತಿದ್ದಾಗ, ರನ್‌ವೇ ಎಲ್ಲಿ ಹಾಳಾಗಿ ಹೋಯಿತೆಂದು ತಲೆ ತಿರುಗಿಸಿದ. ಕಣ್ಣಿಗೆ ಕಟ್ಟಿಕೊಂಡಿದ್ದ ವಿಆರ್ ಹೆಡ್‌ಸೆಟ್ಟಿನ ವೈರು ಚಕ್ರಕ್ಕೆ ಸುತ್ತಿಕೊಂಡು ಕತ್ತನ್ನು ಜಗ್ಗಿತು. ಪ್ರಯಾಣಿಕರು ತುಂಬಿದ್ದ ವಿಮಾನವನ್ನು ಅವನು ನೇರ ಕೆರೆಗೆ ಇಳಿಸಿದ. ಕೆರೆಯೂ ಪ್ರಯಾಣಿಕರೂ ಕಂಪ್ಯೂಟರಿನೊಳಗಿನವರು, ಯಾರಿಗೂ ಏನೂ ಆಗಲಿಲ್ಲ. ಅವನಿಗಾದ ಅವಮಾನ ಮಾತ್ರ ಅಸಲಿ.

ಚಿಕ್ಕಂದಿನಿಂದ ಪೈಲಟ್ ಆಗುತ್ತೇನೆಂದು ಕುಣಿಯುತ್ತಿದ್ದವನನ್ನು ಕಣ್ಣಿನ ದೋಷ ನೀರು ಸರಬರಾಜು ಕಚೇರಿಯಲ್ಲಿ ತಂದು ಕೂರಿಸಿತ್ತು. ಮನೆಯ ಚಿಕ್ಕ ಕೋಣೆಯಲ್ಲಿ ಕಂಪ್ಯೂಟರು, ಸ್ಟಿಕ್ಕು, ಪೆಡಲು ಜೋಡಿಸಿಕೊಂಡು ಅವನು ದಿನಾ ಸಂಜೆ ಹಾರುತ್ತಿದ್ದ. ಅವನಂಥವರದೇ ಒಂದು ಕ್ಲಬ್ಬು ಇಂಟರ್ನೆಟ್ಟಿನಲ್ಲಿತ್ತು. ಅವರ ಪರೀಕ್ಷೆ ಪಾಸಾದರೆ ಕ್ಯಾಪ್ಟನ್, ಇನ್ನೊಮ್ಮೆ ಫೇಲಾದರೆ ಕ್ಲಬ್ಬಿನಿಂದಲೇ ಹೊರಗೆ.

ಇತ್ತ ಹೆಂಡತಿ ಅಡುಗೆಮನೆಯ ಮೂಲೆಯಲ್ಲಿ, ಒಲೆಯ ಮಗ್ಗುಲಲ್ಲಿ, ಹೊಲಿಗೆ ಮೆಷಿನ್ನು ತುಳಿಯುತ್ತಿದ್ದಳು. ಬಟ್ಟೆಯೆಲ್ಲ ಎಣ್ಣೆ ವಾಸನೆ ಎಂದು ಗಿರಾಕಿಗಳ ಗೊಣಗಾಟ ಬೇರೆ. ಕೊನೆಗೆ ಅವಳು ಕಡ್ಡಿ ಮುರಿದಂತೆ ಹೇಳಿದಳು: "ಪಾಸಾದ್ರೆ ರೂಮು ನಿಮ್ಮದೇ, ಮತ್ತೆ ನಾನು ಬಾಯಿ ತೆಗೆಯಲ್ಲ. ಫೇಲಾದ್ರೆ ನನ್ನ ಮೆಷಿನ್ನು ಒಳಗೆ, ನಿಮ್ಮ ವಿಮಾನ ಹೊರಗೆ."

ಅವನು ಒಪ್ಪಿದ. ಒಪ್ಪದೆ ಏನು ಮಾಡಿಯಾನು? ಆದರೆ ಆ ಕೋಣೆ ಕೈತಪ್ಪಿದರೆ ಸಾಯುವ ತನಕ ತಾನು ಬರೀ ಗುಮಾಸ್ತ ಎಂದು ನೆನೆದಾಗೆಲ್ಲ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಹಾಗಾಗಿ ಈ ಭಾನುವಾರದ ಪರೀಕ್ಷೆಗೆ ವೈರಿನ ಸಹವಾಸವೇ ಬೇಡವೆಂದುಕೊಂಡ. ಹೊರಗಿನಿಂದ ಇಂಟರ್ನೆಟ್ ತರುವ ಹಳೇ ವೈಫೈ ಡಬ್ಬ ನಡುಮನೆಯಲ್ಲಿತ್ತು. ಕಂಪ್ಯೂಟರಿನ ಚಿತ್ರವನ್ನು ಹೆಡ್‌ಸೆಟ್ಟಿಗೆ ಗಾಳಿಯಲ್ಲೇ ದಾಟಿಸಲು ಇನ್ನೊಂದು ಹೊಸ ಡಬ್ಬ ತಂದು ಕೋಣೆಯಲ್ಲಿಟ್ಟ. ಬೆಳಿಗ್ಗೆ ಹಾರಿಸಿ ನೋಡಿದರೆ ವಿಮಾನಕ್ಕೆ ಬಿಕ್ಕಳಿಕೆ. ಒಂದು ಕ್ಷಣ ಮೋಡ, ಒಂದು ಕ್ಷಣ ಕತ್ತಲೆ, ಆಮೇಲೆ ಆಕಾಶವೆಲ್ಲ ಚೌಕಚೌಕ. ತಿಂದ ತಿಂಡಿ ಗಂಟಲಿಗೆ ಬಂತು. ಫೋನಿನಲ್ಲಿ ನೋಡಿದರೆ ಕಟ್ಟಡದವರ ವೈಫೈಗಳೆಲ್ಲ ಅವನ ಕೋಣೆಯಲ್ಲೇ ಸಂತೆ ನೆರೆದಿದ್ದವು. ಆ ಗದ್ದಲದಲ್ಲಿ ಹೊಸ ಡಬ್ಬದ ಮಾತು ಹೆಡ್‌ಸೆಟ್ಟಿಗೆ ಕೇಳುತ್ತಿರಲಿಲ್ಲ.

ಮನೆಮನೆಯ ಬಾಗಿಲು ತಟ್ಟಿ, ಪರೀಕ್ಷೆ ಮುಗಿಯುವವರೆಗೆ ವೈಫೈ ಆಫ್ ಮಾಡಿ ಎಂದು ಹಲ್ಲುಗಿಂಜಿದ. ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ಟರು ಕನ್ನಡಕ ಏರಿಸಿ ವಿಚಾರಣೆಗೇ ಕೂತರು.

"ಕೂತಲ್ಲೇ ಕೂತು ಹಾರೋದಲ್ವೇನಪ್ಪಾ? ಎದ್ದು ಓಡಾಡೋದೇನೂ ಇಲ್ಲ. ಮತ್ತೆ ವೈರ್ ಇದ್ರೆ ನಿನಗೇನು ಕಷ್ಟ?"

ಅವನು ಕತ್ತು ಮುಟ್ಟಿ ತೋರಿಸಿದ.

ಅಂತೂ ಎಲ್ಲರೂ ಆಫ್ ಮಾಡಿದರು. ಆಫ್ ಮಾಡಿದ ಮೇಲೆ ಮಾಡಲು ಕೆಲಸವಿಲ್ಲದೆ ಅವನ ಕೋಣೆಗೇ ಬಂದು ಕಂಪ್ಯೂಟರಿನ ಪರದೆಯ ಮುಂದೆ ಠಿಕಾಣಿ ಹೂಡಿದರು. ಕೆಳಗಿನ ಬ್ಯೂಟಿ ಪಾರ್ಲರಿನಾಕೆ ಅರ್ಧ ತಲೆಗೆ ಬಣ್ಣ ಹಚ್ಚಿದ್ದ ಗಿರಾಕಿಯನ್ನೂ ಎಳೆದುಕೊಂಡು ಬಂದಳು. ಹೆಡ್‌ಮಾಸ್ಟರು ಅವನ ಬೆನ್ನ ಹಿಂದೆಯೇ ಕುರ್ಚಿ ಹಾಕಿಸಿಕೊಂಡರು.

ಪರೀಕ್ಷಕರು ಯಾರು, ಎಲ್ಲಿಯವರು, ಯಾರಿಗೂ ಗೊತ್ತಿಲ್ಲ. ಇಂಟರ್ನೆಟ್ಟಿನ ಆ ತುದಿಯಲ್ಲಿ ಕೂತು ಇವನ ಹಾರಾಟ ನೋಡುವವರು. ಇವನ ಕಿವಿಗೆ ಬರೀ ದನಿ. ತಪ್ಪು ಕಂಡರೆ ಮಾತಾಡುತ್ತಿದ್ದರು, ಇಲ್ಲದಿದ್ದರೆ ಮೌನ. ಭೇಷ್ ಎಂದದ್ದನ್ನು ಕ್ಲಬ್ಬಿನಲ್ಲಿ ಯಾರೂ ಕೇಳಿರಲಿಲ್ಲ.

ವಿಮಾನ ಮೇಲೇರಿದ್ದೇ ತಡ, ಮತ್ತೆ ಬಿಕ್ಕಳಿಕೆ. ಎತ್ತರ ತಪ್ಪಿದಿರಿ ಎಂದರು ಪರೀಕ್ಷಕರು. ಎಡಕ್ಕೆ ವಾಲುತ್ತಿದ್ದೀರಿ ಎಂದರು. ಹಿಂದಿನಿಂದ ಹೆಡ್‌ಮಾಸ್ಟರು ಬಲಕ್ಕೆ ತಿರುಗಿಸು ಎಂದು ಅವನ ಭುಜವನ್ನೇ ತಿರುಗಿಸಿದರು. ಬಿತ್ತು ಬಿತ್ತು ಎಂದು ಪಾರ್ಲರಿನಾಕೆ ಗಿರಾಕಿಯ ಬಣ್ಣದ ತಲೆಯನ್ನೇ ಅವುಚಿಕೊಂಡಳು. ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಕೂತವನಿಗೆ ಯಾರ ಕೈ ಎಲ್ಲಿದೆಯೋ ತಿಳಿಯದು. ಕೊನೆಗೆ ಅಳುವ ದನಿಯಲ್ಲಿ ಬೇಡಿಕೊಂಡ: "ಇನ್ನೂ ಯಾರದೋ ವೈಫೈ ಆನ್ ಇದೆ. ದಮ್ಮಯ್ಯ ಅಂತೀನಿ, ಯಾರದ್ದು ಅಂತ ನೋಡಿ."

ಹೆಂಡತಿ ದಡಬಡಿಸಿ ಎದ್ದು ಹೋದ ಸದ್ದಾಯಿತು. ಕೋಣೆ ಬೇಕೆಂದು ಎಷ್ಟೇ ಆಸೆಯಿದ್ದರೂ ಗಂಡನ ಆ ದನಿ ಅವಳಿಗೆ ಕೇಳಲಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಆಕಾಶ ತಿಳಿಯಾಯಿತು. ಯಾರದೋ ಬಾಗಿಲು ಬಡಿದು ಆಫ್ ಮಾಡಿಸಿರಬೇಕು, ಪುಣ್ಯಾತ್ಗಿತ್ತಿ ಎಂದುಕೊಂಡ. ಮೋಡ ಮೋಡದಂತೆ, ನದಿ ನದಿಯಂತೆ ಕಂಡಿತು. ವಿಮಾನ ಅವನು ಹೇಳಿದಂತೆ ಕೇಳಿತು. ಅಷ್ಟು ಹೊತ್ತು ಪಿರಿಪಿರಿ ಮಾಡುತ್ತಿದ್ದ ಪರೀಕ್ಷಕರು ತುಟಿ ಪಿಟಕ್ಕೆನ್ನಲಿಲ್ಲ. ಅವರು ಬೈಯಲಿಲ್ಲವೆಂದರೆ ಮೆಚ್ಚಿದರೆಂದೇ ಅರ್ಥ. ಅವನ ಎದೆಯುಬ್ಬಿತು. ರನ್‌ವೇಗೆ ಚಕ್ರ ಮುಟ್ಟಿದ್ದು ಅವನಿಗೇ ಗೊತ್ತಾಗಲಿಲ್ಲ, ಅಷ್ಟು ಹಗುರ. ಹೆಡ್‌ಸೆಟ್ಟಿನೊಳಗೆ ಗುಟ್ಟಾಗಿ ಅತ್ತೂಬಿಟ್ಟ.

ಹೆಡ್‌ಸೆಟ್ ತೆಗೆದಾಗ ಕೋಣೆಯ ತುಂಬ ಚಪ್ಪಾಳೆ. ಹೆಡ್‌ಮಾಸ್ಟರು ಕೈಕುಲುಕಿ, ಗೇಲಿಯಿಲ್ಲದೆ, ಕ್ಯಾಪ್ಟನ್ ಎಂದು ಕರೆದರು. ಕೋಣೆ ನಿಮ್ಮದೇ ಎಂದು ಹೆಂಡತಿ ಕಣ್ಣೊರೆಸಿಕೊಂಡಳು. ಯಾರ ಮನೆಯ ವೈಫೈ ಅದು ಎಂದು ಅವನು ಕೇಳಿದ.

"ಯಾರ ಮನೇದೂ ಅಲ್ಲ ರೀ, ನಮ್ಮದೇ. ನಡುಮನೇಲಿ ಆ ಹಳೇ ಡಬ್ಬ ಮಿಣಮಿಣ ಅಂತಿತ್ತು. ಸ್ವಿಚ್ಚೇ ಆಫ್ ಮಾಡಿಬಿಟ್ಟೆ."

ಅವನು ಬಾಗಿಲಿನಿಂದ ನಡುಮನೆಗೆ ಇಣುಕಿದ. ತೀರಾ ಹತ್ತಿರದ್ದು, ತೊಂದರೆ ಕೊಟ್ಟದ್ದು ಆ ಡಬ್ಬವೇ, ನಿಜ. ಆದರೆ ಪರೀಕ್ಷಕರ ತನಕ ಇದ್ದ ದಾರಿಯೂ ಅದೊಂದೇ. ವಿಮಾನವೇನೋ ಕಂಪ್ಯೂಟರಿನಲ್ಲಿ ಹಾರಿತು, ಹೊಸ ಡಬ್ಬ ಅದನ್ನು ಕಣ್ಣಿಗೆ ತೋರಿಸಿತು. ಪರೀಕ್ಷಕರ ತುದಿಯಲ್ಲಿ ಮಾತ್ರ ನೋಡಲು ವಿಮಾನವೇ ಇರಲಿಲ್ಲ. ಅಷ್ಟರಲ್ಲಿ ಅವನ ಫೋನಿಗೆ ಕ್ಲಬ್ಬಿನ ಎಸ್ಸೆಮ್ಮೆಸ್ ಬಂತು: ಪರೀಕ್ಷೆಯ ನಡುವೆ ಹೇಳದೆ ಕೇಳದೆ ಹೊರಟುಹೋಗಿದ್ದೀರಿ, ಫೇಲು, ಕ್ಲಬ್ಬಿನಿಂದ ನಿಮ್ಮನ್ನು ತೆಗೆಯಲಾಗಿದೆ.

ಹೆಂಡತಿಯ ಮುಖ ನೋಡಿದ. ಬಾಯಿವರೆಗೆ ಬಂದದ್ದನ್ನು ನುಂಗಿ, ಫೇಲಂತೆ ಎಂದಷ್ಟೇ ಹೇಳಿದ. ಜನ ಒಬ್ಬೊಬ್ಬರಾಗಿ ಜಾರಿಕೊಂಡರು. ಅವನು ನೆಲಕ್ಕೆ ಕೂತು ಪೆಡಲಿನ ಸ್ಕ್ರೂ ಬಿಚ್ಚತೊಡಗಿದ. ಹೆಂಡತಿ ಪಕ್ಕದಲ್ಲಿ ಕೂತು ಅವನ ಬೆನ್ನು ಸವರಿದಳು.

"ತಪ್ಪು ನಂದೂ ಇದೆ ಕಣ್ರೀ. ಆ ಡಬ್ಬಾನ ಶುರುವಿನಲ್ಲೇ ಆಫ್ ಮಾಡಿದ್ದಿದ್ರೆ ನೀವು ಖಂಡಿತ ಪಾಸಾಗ್ತಿದ್ರಿ."

ಅವನು ಹೂಂ ಎಂದು ಎದ್ದು, ಹೊಲಿಗೆ ಮೆಷಿನ್ನು ತರಲು ಅಡುಗೆಮನೆಗೆ ಹೋದ.