ಟಿಕ್ ಮೊದಲೇ ಹಾಕಬೇಕಾ, ಕೇಳಿ ಹಾಕಬೇಕಾ?

ಹಳೆಯ ಕಂಪ್ಯೂಟರುಗಳಿಗೆ ವಿಂಡೋಸಿನ ಬದಲು ಬಿಟ್ಟಿ ಸಿಗುವ ಲಿನಕ್ಸ್ ಹಾಕಿಕೊಡುವುದು ನನ್ನ ಕೆಲಸ. ಅಂಗಡಿ ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರ. ನಗಲಿಕ್ಕೆ ನಾನು ಎಲ್ಲಿಗೂ ಹೋಗಬೇಕಾಗಿಲ್ಲ, ನಗು ಅಂಗಡಿಗೇ ಬರುತ್ತದೆ. ಈಚೆಗೆ ನಾನು ಬಳಸುವ ಲಿನಕ್ಸನ್ನು ತಯಾರಿಸುವವರು ಬಳಕೆದಾರರ ಮುಂದೆ ಒಂದು ಪ್ರಶ್ನೆ ಇಟ್ಟರು. ಇನ್‌ಸ್ಟಾಲ್ ಮಾಡುವಾಗ ಊರು, ಡಿಸ್ಕ್ ಅಂತೆಲ್ಲ ಕೇಳುವ ಪುಟಗಳಲ್ಲಿ ಈಗಿನ ಹಾಗೆ ಉತ್ತರಕ್ಕೆ ಮೊದಲೇ ಟಿಕ್ ಹಾಕಿ ಕೊಡಬೇಕಾ, ಖಾಲಿ ಬಿಟ್ಟು ಜನರಿಂದಲೇ ಹಾಕಿಸಬೇಕಾ? ಇಂಟರ್ನೆಟ್ಟಿನಲ್ಲಿ ಈ ವಿಷಯಕ್ಕೆ ಜಗಳವೇ ಆಯಿತು. ನನಗೆ ಕುತೂಹಲ. ಗಿರಾಕಿಗಳ ಫೈಲುಗಳನ್ನೆಲ್ಲ ಬೇರೆ ಕಡೆ ತೆಗೆದಿಟ್ಟು, ಅವರನ್ನೇ ಕೂರಿಸಿ ನೋಡುವ ಅಂತ ಹೊರಟೆ.

ಏಕವಚನ

ಮೊದಲು ಕೂತವರು ವಾಮದಪದವಿನ ನಿವೃತ್ತ ಕನ್ನಡ ಮಾಸ್ಟ್ರು. ಡಿಸ್ಕಿನ ಪುಟದಲ್ಲಿ ‘ಎಲ್ಲವನ್ನೂ ಅಳಿಸು’ ಎಂಬುದಕ್ಕೆ ಟಿಕ್ ಬಿದ್ದಿತ್ತು. ಮಾಸ್ಟ್ರ ಮುಖ ಕೆಂಪಾಯಿತು. ಫೈಲು ಹೋಗುವ ಹೆದರಿಕೆ ಅಂತ ನಾನು ಎಣಿಸಿದೆ. ಅಲ್ಲ, ಈ ಯಂತ್ರ ತನಗೆ ಏಕವಚನದಲ್ಲಿ ಹೇಳುವುದು ಯಾಕೆ ಎಂಬುದು ಅವರ ಪ್ರಶ್ನೆ. ಯಂತ್ರ ನಿಮಗೆ ಹೇಳುವುದಲ್ಲ, ನೀವು ಯಂತ್ರಕ್ಕೆ ಹೇಳುವುದು ಎಂದು ಬಿಡಿಸಿ ಹೇಳಿದೆ. ಮುಖ ಅರಳಿತು.

“ನಾನು ಹೇಳಿದ್ದನ್ನು ಕೇಳುವವರು ಮನೆಯಲ್ಲಿ ಒಬ್ಬರಾದರೂ ಆದರಲ್ಲ” ಎಂದು ಗಟ್ಟಿಯಾಗಿ ಒತ್ತಿದರು.

ಊರು

ಬೆಳ್ತಂಗಡಿಯಲ್ಲಿ ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಟ ಒಬ್ಬರು ಅಕ್ಕ ಇದ್ದಾರೆ. ಗಡಿಯಾರದ ಪುಟದಲ್ಲಿ ಕೊಲ್ಕತ್ತಕ್ಕೆ ಟಿಕ್ ಇದ್ದದ್ದು ನೋಡಿ ಅವರು ಮೌಸಿನಿಂದ ಕೈ ತೆಗೆದರು. ಇಡೀ ದೇಶದ ಸಮಯಕ್ಕೆ ಇದರಲ್ಲಿ ಅದೇ ಹೆಸರು ಎಂದೆ. ದಿನವಿಡೀ ಜನರ ವಾಸಸ್ಥಳದ ಅರ್ಜಿ ಟೈಪ್ ಮಾಡುವವರು, ತನ್ನದಲ್ಲದ ಊರಿಗೆ ಒಪ್ಪಲೇ ಇಲ್ಲ. ಸರಿ, ಟಿಕ್ ಖಾಲಿ ಬಿಟ್ಟ ಪ್ರಯೋಗದ ಆವೃತ್ತಿ ಹಾಕಿ ಕೊಟ್ಟೆ. ಪಟ್ಟಿಯನ್ನು ಮೇಲಿನಿಂದ ಕೆಳಗೆ ಹುಡುಕಿದರು. ಬೆಳ್ತಂಗಡಿ ಇಲ್ಲ. ಕೊನೆಗೆ ದುಬೈಗೆ ಒತ್ತಿದರು. ಕಂಪ್ಯೂಟರಿನ ಗಡಿಯಾರ ಒಂದೂವರೆ ಗಂಟೆ ಹಿಂದೆ ಹೋಯಿತು.

ಇದು ಯಾಕೆ ಎಂದು ಕೇಳಿದೆ. “ಕೊಲ್ಕತ್ತದಲ್ಲಿ ನಮಗೆ ಯಾರಿದ್ದಾರೆ? ದುಬೈಯಲ್ಲಿ ಗಂಡನಾದರೂ ಇದ್ದಾರೆ.”

ಪಾಲು

ಬಂಟ್ವಾಳದ ಒಂದು ಮನೆಗೆ ನಾನೇ ಹೋದೆ, ಅಲ್ಲಿ ಅಣ್ಣ ತಮ್ಮನಿಗೆ ಸೇರಿ ಒಂದೇ ಕಂಪ್ಯೂಟರು. ಹೋಟೆಲ್ ನಡೆಸುವ ಅಣ್ಣನಿಗೆ ಹಳೆಯ ವಿಂಡೋಸೇ ಆಗಬೇಕು, ಗಲ್ಫಿನಿಂದ ಬಂದ ತಮ್ಮನಿಗೆ ಲಿನಕ್ಸ್. ಹಳತನ್ನು ಅಳಿಸುವುದಾ, ಎರಡನ್ನೂ ಇಡುವುದಾ ಎಂದು ಕೇಳಿ ಖಾಲಿ ಪುಟ ಕಾದು ನಿಂತಿತು. ಟಿಕ್ ಮೊದಲೇ ಬಿದ್ದಿದ್ದರೆ ಇಬ್ಬರೂ ಓದದೆ ಮುಂದೆ ಹೋಗುತ್ತಿದ್ದರೋ ಏನೋ, ಈಗ ಒಬ್ಬೊಬ್ಬರಾಗಿ ನನ್ನ ಹತ್ತಿರ ವಾದಿಸತೊಡಗಿದರು. ಎರಡನ್ನೂ ಇಡುವ, ಡಿಸ್ಕನ್ನು ಪಾಲು ಮಾಡಿದರಾಯಿತು ಎಂದೆ.

ಪಾಲು ಎಂಬ ಶಬ್ದ ಅಡುಗೆಕೋಣೆಗೆ ಕೇಳಿಸಿತು. ಅವರ ತಾಯಿ ಒದ್ದೆ ಕೈಯಲ್ಲೇ ಹೊರಗೆ ಬಂದರು. “ನಾನು ಇರುವಾಗ ಈ ಮನೆಯಲ್ಲಿ ಪಾಲಿನ ಮಾತಿಲ್ಲ.”

ಪಾಲು ಮನೆಗಲ್ಲ, ಕಂಪ್ಯೂಟರಿನ ಪೆಟ್ಟಿಗೆಯ ಒಳಗೆ ಎಂದು ಅರ್ಥ ಮಾಡಿಸುವಾಗ ನನ್ನ ಚಹಾ ತಣ್ಣಗಾಯಿತು. ಅರ್ಥವಾದದ್ದೇ, ಅಮ್ಮ ಕುರ್ಚಿ ಎಳೆದು ಕೂತು ವಿಚಾರಣೆಗೆ ತೊಡಗಿದರು. ಯಾರಿಗೆ ಎಷ್ಟು? ಅರ್ಧರ್ಧ ಎಂದೆ. ಪಾಲಾದ ಮೇಲೆ ಒಬ್ಬರ ಕಡೆಗೆ ಇನ್ನೊಬ್ಬರು ಹೋಗಿ ಬರುವುದು ಉಂಟಾ ಎಂದು ಕೇಳಿದರು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. “ಹೊಸತಕ್ಕೆ ಹಳತರ ಫೈಲುಗಳೆಲ್ಲ ಕಾಣ್ತದೆ ಅಮ್ಮ. ಹಳತಕ್ಕೆ ಮಾತ್ರ ಪಕ್ಕದಲ್ಲಿ ಇನ್ನೊಬ್ಬ ಇದ್ದಾನೆ ಅಂತ ಲೆಕ್ಕವೇ ಇರುವುದಿಲ್ಲ.”

ಅಮ್ಮ ಹಿರಿಯ ಮಗನ ಕಡೆಗೆ ತಿರುಗಿ ನೋಡಿದರು.

“ಅದು ನಮಗೆ ಅಭ್ಯಾಸ ಉಂಟು. ಹಾಕಿ.”