ಎದೆಗಿಂತ ಮುನ್ನ ಕುತ್ತಿಗೆ

ಗೊತ್ತಿಲ್ಲದ ವಿಷಯದಲ್ಲೂ ಪ್ರಶ್ನೆ ಕೇಳಿ ಬುದ್ಧಿವಂತ ಎನಿಸಿಕೊಳ್ಳುವ ಚಟ ನನಗಿದೆ. ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವನು ನಾನು. ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಜೀವನವಿಡೀ ಕೇಳಿದವನು. ಹೃದಯದ ಮೂರು ರಕ್ತನಾಳ ಕಟ್ಟಿಕೊಂಡಿವೆ, ಬೈಪಾಸ್ ಮಾಡಬೇಕು ಎಂದು ದಾವಣಗೆರೆಯ ವೈದ್ಯರು ಹೇಳಿದಾಗಲೂ ಗಂಭೀರವಾಗಿ ತಲೆಯಾಡಿಸಿದೆ. ಅವರು ಸ್ಟೆತಸ್ಕೋಪನ್ನು ಎದೆಯಿಂದ ಕುತ್ತಿಗೆಗೆ ಏರಿಸಿ, ಎಡಗಡೆ ಏನೋ ಸದ್ದು ಕೇಳಿ, "ಮೊದಲು ಕುತ್ತಿಗೆ ಸ್ಕ್ಯಾನ್ ಆಗಲಿ" ಎಂದಾಗ ಮಾತ್ರ ತಡೆಯಲಾಗಲಿಲ್ಲ.

"ಸರ, ರಿಪೇರಿ ಇರೋದು ಎದಿಯಾಗ. ಕುತ್ತಿಗಿ ಏನ್ ತಪ್ಪು ಮಾಡೈತ್ರಿ?"

ಅವರು ನಕ್ಕರು. ಮಿದುಳಿಗೆ ರಕ್ತ ಹೋಗುವುದು ಕುತ್ತಿಗೆಯ ನಾಳಗಳಿಂದ. ನಾನು ಇಪ್ಪತ್ತು ವರ್ಷ ಸೇದಿದ ಸಿಗರೇಟು ಅವನ್ನೂ ಬಿಟ್ಟಿರಲಿಕ್ಕಿಲ್ಲ. ಅವು ತೀರ ಕಿರಿದಾಗಿದ್ದರೆ ಆಪರೇಷನ್ ಹೊತ್ತಿನಲ್ಲಿ ಪಾರ್ಶ್ವವಾಯು ಹೊಡೆದು ಕೈಕಾಲು, ಮಾತು ಹೋಗುವ ಅಪಾಯ ಹೆಚ್ಚು ಎಂದು ವಿವರಿಸಿದರು. ಮಾತು ಎಂದೊಡನೆ ನನ್ನ ಹೆಂಡತಿ ಸುಮಂಗಲ ಕುರ್ಚಿಯನ್ನು ಮುಂದೆಳೆದುಕೊಂಡಳು. "ಪೂರ್ತಿ ಹೋಗ್ತೈತೇನ್ರಿ ಸರ, ಇಲ್ಲಾ ಅರ್ಧಾನಾದ್ರೂ ಉಳಿತೈತೇನ್ರಿ?" ಇದು ಆತಂಕವೋ ಆಸೆಯೋ ವೈದ್ಯರಿಗೆ ತಿಳಿಯಲಿಲ್ಲ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ನನಗೂ ತಿಳಿಯಲಿಲ್ಲ.

ಸ್ಕ್ಯಾನ್ ಮಾಡುವ ಮೇಡಂ ಕುತ್ತಿಗೆಗೆ ತಣ್ಣನೆಯ ಜೆಲ್ ಸವರಿ ಏನನ್ನೋ ಒತ್ತಿದರು. ಯಂತ್ರದಿಂದ ಭುಸ್, ಭುಸ್ ಎಂಬ ಸದ್ದು ಬಂತು.

"ಏನ್ರಿ ಅದು, ಹಾವು ಬುಸುಗುಟ್ಟಿದಂಗ?"

"ನಿಮ್ಮ ರಕ್ತಾನ ರೀ ಅದು. ನೀವು ಸುಮ್ಕಿದ್ರ ಚೊಲೊ ಕೇಳ್ತೈತಿ."

ಬಲಗಡೆ ಬೇಗ ಮುಗಿಯಿತು. ಎಡಗಡೆಗೆ ಬಂದಾಗ ಅವರ ಕೈ ಒಂದೇ ಕಡೆ ನಿಂತುಬಿಟ್ಟಿತು. ಆಗ ಮೊದಲ ಸಲ ನಿಜವಾಗಿ ಹೆದರಿದೆ. ಪಾಠ ಮಾಡಲಾಗದ, ಸುಮಂಗಲಳನ್ನು ಹೆಸರು ಹಿಡಿದು ಕರೆಯಲೂ ಆಗದ ನನ್ನನ್ನು ಊಹಿಸಿಕೊಂಡೆ.

ಎಡಗಡೆಯ ನಾಳ ಕಿರಿದಾಗಿದೆ, ಆದರೆ ಅರ್ಧದಷ್ಟೂ ಮುಚ್ಚಿಲ್ಲ; ಮಾತ್ರೆ ಸಾಕು, ಆಪರೇಷನ್ನಿಗೆ ಅಡ್ಡಿಯಿಲ್ಲ ಎಂದರು ವೈದ್ಯರು. ಹೊರಗೆ ಬಂದ ಮೇಲೆ ಸುಮಂಗಲ ನನ್ನ ಕುತ್ತಿಗೆಯಲ್ಲಿ ಉಳಿದಿದ್ದ ಜೆಲ್ಲನ್ನು ಸೆರಗಿನಿಂದ ಒರೆಸಿದಳು. ಜೆಲ್ ಹೋದ ಮೇಲೂ ಒರೆಸುತ್ತಲೇ ಇದ್ದಳು.

ಆಪರೇಷನ್ ಆಯಿತು. ಮರುದಿನ ಗಂಟಲಿಗೆ ಹಾಕಿದ್ದ ಉಸಿರಾಟದ ಕೊಳವೆ ತೆಗೆದ ಮೇಲೆ ವೈದ್ಯರು ನನ್ನ ಎರಡೂ ಕೈ ಎತ್ತಿಸಿ ನೋಡಿ, "ಮೇಷ್ಟ್ರೇ, ಯಾವ ತಾಲ್ಲೂಕು ನಿಮ್ಮದು?" ಎಂದರು.

"ಹಗರಿಬೊಮ್ಮನಹಳ್ಳಿ!" ದನಿ ಗೊಗ್ಗರಾಗಿತ್ತು, ಆದರೆ ಒಂದಕ್ಷರವೂ ತೊದಲಲಿಲ್ಲ. ಗೆದ್ದ ಹುಮ್ಮಸ್ಸಿನಲ್ಲಿ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಎಂದು ಅಕ್ಕಪಕ್ಕದ ತಾಲ್ಲೂಕುಗಳನ್ನೂ ಒಪ್ಪಿಸಿದೆ.

ಸುಮಂಗಲ ಕಣ್ಣೊರೆಸಿಕೊಳ್ಳುತ್ತಾ, "ಸಾಕು ಬಿಡ್ರಿ, ಅವರು ಒಂದ ತಾಲ್ಲೂಕು ಕೇಳ್ಯಾರ" ಎಂದಳು.

ಅಷ್ಟರಲ್ಲಿ ನಾನು ಹೋಬಳಿಗಳಿಗೆ ಇಳಿದಿದ್ದೆ.