ಕಳ್ಳನನ್ನು ಜೈಲಿಗೆ ಕಳಿಸದೆ ನನ್ನ ಮನೆಗೆ ಕಳಿಸಿದ ಬಗ್ಗೆ

ಕಾರಾಗೃಹ ಕಡಿತ ಅನುದಾನ ಶಾಖೆಯ ಮಾನ್ಯರೇ,

ತಾವೂ, ತಮ್ಮ ಕಡತಗಳೂ, ಕಡತಗಳ ಮೇಲಿನ ಕಾಫಿ ಲೋಟವೂ ಕ್ಷೇಮವೆಂದು ನಂಬಿ, ಒಹಾಯೊದ ಟ್ಯಾಲ್ಮಂಟ್ ಕೌಂಟಿಯಲ್ಲಿ ಮೂವತ್ತೊಂದು ವರ್ಷ ಶಾಲಾ ಬಸ್ಸು ಓಡಿಸಿ ನಿವೃತ್ತಳಾದ ನಾನು ಸವಿನಯವಾಗಿ ದೂರುವುದೇನೆಂದರೆ:

ಕಳೆದ ಮಾರ್ಚಿನಲ್ಲಿ ನಾನು ತಂಗಿಯ ಊರಿಗೆ ಹೋಗಿದ್ದಾಗ, ಡೆರಲ್ ಸ್ಟ್ರೌಪ್ ಎಂಬಾತ ಅಮಲಿನ ಗುಳಿಗೆಯ ಚಟಕ್ಕೆಂದು ನನ್ನ ನೆಲಮಾಳಿಗೆಯ ತಾಮ್ರದ ಕೊಳವೆಗಳನ್ನೆಲ್ಲ ಕಿತ್ತು ಮಾರಿದ. ನಾನು ಬಂದು ನೋಡಿದಾಗ ಅಲ್ಲೊಂದು ಕೆರೆಯೇ ಆಗಿತ್ತು. ಪೊಲೀಸರಿಗೆ ಸಿಕ್ಕಿಬಿದ್ದ ಅವನಿಗೆ ಎರಡು ವರ್ಷ ಜೈಲು, ನನಗೆ ಎರಡು ವರ್ಷ ನೆಮ್ಮದಿ ಎಂದುಕೊಂಡಿದ್ದೆ. ಅಷ್ಟರಲ್ಲಿ ತಮ್ಮ ಘನ ಯೋಜನೆ ಬಂತು. ಸೆರೆಮನೆಗೆ ಕಡಿಮೆ ಜನರನ್ನು ಕಳಿಸಿದ ಕೌಂಟಿಗೆ ರಾಜ್ಯದಿಂದ ಹಣ, ಆ ಹಣದಲ್ಲಿ ಚಿಕಿತ್ಸೆ, ಊರಲ್ಲೇ ನಿಗಾ! ನಿಗಾ ಅಧಿಕಾರಿ ಯೊಲಾಂಡಾ ಪ್ರೂಯಿಟ್ ನನ್ನ ಬಾಗಿಲಿಗೇ ಬಂದು, "ಕ್ರೆಬ್ಸ್ ಮೇಡಂ, ನೀವು ಒಪ್ಪಿದ್ರೆ ಶನಿವಾರ ಶನಿವಾರ ಅವನೇ ಬಂದು ಕೊಳವೆ ಹಾಕಿಕೊಡ್ತಾನೆ" ಎಂದರು.

"ಕಿತ್ತವನಿಗೆ ಯಾವುದು ಎಲ್ಲಿತ್ತು ಅಂತ ಗೊತ್ತಿರುತ್ತಲ್ಲ, ಬರಲಿ" ಎಂದೆ.

ಗೊತ್ತಿರಲಿಲ್ಲ, ಮಾನ್ಯರೇ. ಮೂರು ವಾರ ನನ್ನ ಪಾಯಿಖಾನೆಗೆ ಬಿಸಿನೀರು ಬಂತು. ಬೈದರೆ, "ಚಳಿಗೆ ಹಿತವಾಗಿರಲ್ವಾ ಮೇಡಂ?" ಎಂದ. ನಗಬಾರದೆಂದು ಎಷ್ಟು ಬಿಗಿಹಿಡಿದರೂ ನಕ್ಕುಬಿಟ್ಟೆ. ಅಂದಿನಿಂದ ಅವನಿಗೆ ಹಿಸುಕಿದ ಆಲೂಗಡ್ಡೆಯ ಮೇಲೆ ಕೋಳಿ ನೂಡಲ್ಸ್ ಬಡಿಸುವ ಶಿಕ್ಷೆ ನನಗೆ ಜಾರಿಯಾಯಿತು.

ಅಕ್ಟೋಬರಿನಲ್ಲಿ ಅವನ ಕಾರು ಪ್ರಾಣ ಬಿಟ್ಟಿತು. ತಾವು ಉದಾರವಾಗಿ ಹಣ ಕೊಟ್ಟ ಚಿಕಿತ್ಸಾಲಯ ನಲವತ್ತು ಮೈಲಿ ಆಚೆ; ನಡುವೆ ಒಂದು ಬಸ್ಸೂ ಇಲ್ಲ. ಗುಳಿಗೆ ನುಂಗಿದ್ದಾನೋ ಎಂದು ಅಲ್ಲಿ ಮಾಡುವ ಎರಡು ತಪಾಸಣೆ ತಪ್ಪಿದ್ದಕ್ಕೆ ಡೆರಲ್ ಮತ್ತೆ ಕೋರ್ಟಿನಲ್ಲಿ ನಿಂತ. ಈ ಸಲ ಜೈಲೇ ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಎದ್ದು ನಿಂತೆ.

"ಕಳ್ಳತನ ಆಗಿದ್ದು ನಿಮ್ಮ ಮನೇಲಿ. ನೀವೇ ಅವನ ಪರ ಮಾತಾಡ್ತೀರಾ?" ಎಂದರು ನ್ಯಾಯಾಧೀಶರು.

"ಪರ ಯಾಕೆ ಮಾತಾಡ್ಲಿ ಸ್ವಾಮಿ? ಸ್ನಾನದಮನೆ ಕೆಲಸ ಅರ್ಧಕ್ಕೆ ನಿಂತಿದೆ. ಇವನನ್ನ ಒಳಗೆ ಹಾಕಿದ್ರೆ ನೀವು ಬಂದು ನಲ್ಲಿ ಕೂರಿಸ್ತೀರಾ?"

ಎಲ್ಲರೂ ನಕ್ಕರು. ನ್ಯಾಯಾಧೀಶರೂ ನಕ್ಕು, ಆಮೇಲೆ ಮೆಲ್ಲಗೆ ಕೇಳಿದರು: "ಆಯ್ತು. ಇವನನ್ನ ಆ ಚಿಕಿತ್ಸಾಲಯಕ್ಕೆ ಕರ್ಕೊಂಡು ಹೋಗೋರು ಯಾರು?"

ಒಂದು ಕೈ ಮೇಲೆದ್ದಿತು. ಎತ್ತಿದ್ದ ಕೈ ನನ್ನದೇ ಎಂದು ನನಗೆ ಆಮೇಲೆ ತಿಳಿಯಿತು.

ಈಗ ಮಂಗಳವಾರ, ಗುರುವಾರ ಚರ್ಚಿನ ಹಳೇ ವ್ಯಾನಿನಲ್ಲಿ ಡೆರಲ್ ಸೇರಿ ಏಳು ಜನರನ್ನು ಚಿಕಿತ್ಸಾಲಯಕ್ಕೆ ಕರೆದೊಯ್ಯುತ್ತೇನೆ. ನನ್ನ ನಿವೃತ್ತಿಯನ್ನು ಇಷ್ಟು ಅಚ್ಚುಕಟ್ಟಾಗಿ ರದ್ದುಪಡಿಸಿದ ತಮ್ಮ ದಕ್ಷತೆಗೆ ತಲೆಬಾಗುತ್ತೇನೆ. ಒಂದೋ ನಮಗೊಂದು ಬಸ್ಸು ಮಂಜೂರು ಮಾಡಿ, ಅದು ಕಷ್ಟವಾದರೆ ಕೌಂಟಿಯನ್ನೇ ನಡುವೆ ಮಡಚಿ ಚಿಕಿತ್ಸಾಲಯವನ್ನು ನನ್ನ ಗೇಟಿನ ಬಳಿ ತಂದುಬಿಡಿ ಎಂದು ಬೇಡುವ,

ತಮ್ಮ ವಿಶ್ವಾಸಿ (ಇನ್ನೂ ಸ್ವಲ್ಪ ಉಳಿದಿದೆ),
ಅರ್ಡಿತ್ ಕ್ರೆಬ್ಸ್

ಮರೆತ ಮಾತು: ಡೆರಲ್ ಗುಳಿಗೆ ಮುಟ್ಟದೆ ಮೊನ್ನೆಗೆ ನೂರು ದಿನವಾಯಿತು. ತಾವು ಕಳಿಸಿದ ಹನ್ನೊಂದು ಪುಟಗಳ ವರದಿ ಫಾರಂನಲ್ಲಿ ಇದನ್ನು ಬರೆಯಲು ಎಲ್ಲೂ ಜಾಗ ಸಿಗಲಿಲ್ಲ, ಅಂಚಿನಲ್ಲಿ ಬರೆದಿದ್ದೇನೆ. ದಯಮಾಡಿ ಅಂಚು ಕತ್ತರಿಸಬೇಡಿ.